ಗೈದಿ ಅಜ್ಜಿಯ ಮಣ್ಣು

ಹಿದಾರ್ ತಿಂಗಳ ಹನ್ನೆರಡು, ಗುರುವಾರ. ಟುರ್ಮಿ.

ಗೈದಿ ಅಜ್ಜಿಯನ್ನು ಇವತ್ತು ಮಣ್ಣು ಮಾಡಿದೆವು. ದೀಕ್ಷಾಸ್ನಾನ ಆಗದೆಯೇ ಹೋದಳು. ಅದೇ ಎದೆಯಲ್ಲಿ ಚುಚ್ಚುತ್ತಿದೆ.

ನನ್ನ ಸೀಮೆ ವೊಲಾಯಿತಾದಿಂದ ಸುವಾರ್ತೆ ಹೊತ್ತು ಈ ಹಮರ್ ಜನರ ನಡುವೆ ಬಂದ ಹೊಸದರಲ್ಲಿ ನನ್ನ ಮಾತಿಗೆ ಯಾರೂ ಕಿವಿಗೊಡುತ್ತಿರಲಿಲ್ಲ. ಅವಳೊಬ್ಬಳು ಕಾಫಿಸಿಪ್ಪೆಯ ಕಷಾಯವನ್ನು ಸೋರೆಬುರುಡೆಗೆ ಬಗ್ಗಿಸಿ ಕೈಗಿತ್ತು ಕೇಳಿದ್ದಳು: "ಯೇಸು ಸತ್ತ, ಎದ್ದ ಅಂತೀಯಲ್ಲೋ, ಅವನ ತಾಯಿ ಗತಿ ಏನಾಯ್ತು?"

ಶಿಲುಬೆಯ ಮೇಲಿಂದಲೇ ತಾಯಿಯನ್ನು ಶಿಷ್ಯನಿಗೆ ಒಪ್ಪಿಸಿದ ಅಂದೆ.

"ಸಾಯೋ ಹೊತ್ತಲ್ಲೂ ತಾಯೀನ ಮರೀಲಿಲ್ವಾ? ಹಾಗಾದ್ರೆ ಒಳ್ಳೇ ಮಗ. ಏಯ್, ಎಲ್ರೂ ಬನ್ರೋ, ಇವನ ಕಥೆ ಕೇಳಿ!"

ಇಂದಿನ ನಮ್ಮ ಸಭೆ ಹುಟ್ಟಿದ್ದು ಆ ಕೂಗಿನಿಂದ. ಅವಳು ಮಾತ್ರ ದೀಕ್ಷಾಸ್ನಾನದ ನೀರಿಗಿಳಿಯಲಿಲ್ಲ. ಕರೆದಾಗಲೆಲ್ಲ ನಗುತ್ತಿದ್ದಳು: "ಸತ್ಮೇಲೆ ನನ್ನ ಗಂಡ ಇರೋ ಕಡೆ ಹೋಗ್ತೀನಿ ಕಣೋ. ಅವನೊಬ್ಬನೇ ಅಲ್ಲಿ ಏನ್ ಮಾಡ್ತಾನೆ?"

ಇವತ್ತು ಗುಂಡಿಯಿಂದ ದೂರವೇ ನಿಂತಿದ್ದೆ. ಅವಳ ಹಿರಿಮಗ ಬೊನ್ಕೊ ಗದರಿದ: "ಅಲ್ಯಾಕೆ ನಿಂತೆ? ನಿನ್ನನ್ನೂ ಮಗ ಅಂತಿದ್ಲು. ಬಾ, ಗೋರಿ ಮೇಲೆ ನೀನೂ ಕಲ್ಲಿಡು."

ಇಟ್ಟೆ. ಕಲಿತ ಪ್ರಾರ್ಥನೆ ಒಂದೂ ಬಾಯಿಗೆ ಬರಲಿಲ್ಲ. ಅವ್ವಾ ಅಂದೆ, ಅಷ್ಟೇ. ಊರಿನಲ್ಲಿ ನನ್ನ ಹೆತ್ತವ್ವ ತೀರಿಕೊಂಡಾಗ ಹೋಗಲಾಗಿರಲಿಲ್ಲ. ಎರಡು ಸಾವಿಗೂ ಇವತ್ತೇ ಅತ್ತೆ. ಕರ್ತನೇ, ಇಬ್ಬರನ್ನೂ ನೀನೇ ನೋಡಿಕೋ.