ಆಲೂಗಡ್ಡೆ ಹಲ್ಲು

ಜೂನ್ ೮, ಭಾನುವಾರ
ಬೆಳಿಗ್ಗೆ, ಎರಡನೇ ಕಾಫಿಯ ಹೊತ್ತು

ಪ್ರೀತಿಯ ಸೂಜಿಗೆ,

ಬಟ್ಟೆ ಹೊಲಿಯುವವಳಿಗೆ ನಾನಿಟ್ಟ ಈ ಹೆಸರನ್ನು ಬರೆದು ಎರಡು ವರ್ಷವಾಯಿತು. ಚುಚ್ಚುವ ಹಕ್ಕು ನಿನಗೆ ಇನ್ನೂ ಇದೆ. ನೀನು ಸೂಜಿ, ನಾನು ರಾಜಿ. ಪ್ರಾಸ ಬಿಟ್ಟಿಲ್ಲ, ಕ್ಷಮಿಸು. ಬಿಟ್ಟದ್ದು ಬಾಟಲಿಯನ್ನು ಮಾತ್ರ.

ಹೌದು, ಬಿಟ್ಟು ಹತ್ತು ತಿಂಗಳಾಯಿತು. ಪುಟ್ಟಿಯ ಕೈ ಹಿಡಿದು ಹೊರಟ ದಿನ ನೀನು ಬಾಗಿಲಲ್ಲಿ ನಿಂತು, "ಬಿಡ್ತೀನಿ ಬಿಡ್ತೀನಿ ಅನ್ನೋದನ್ನ ಮೊದಲು ಬಿಡಿ" ಅಂದಿದ್ದೆ. ಅದಕ್ಕೇ ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಈಗ ತೆರೆಯಲು ಕಾರಣ ನಿನ್ನ ಮಗಳು. ಹೋದ ಭಾನುವಾರ ಫೋನಿನಲ್ಲಿ, "ಅಪ್ಪಾ, ಅಮ್ಮ ಸ್ವಂತ ಅಂಗಡಿ ಹಾಕ್ತಿದ್ದಾಳೆ, ಬೋರ್ಡಿಗೆ ಪ್ಲಾಸ್ಟಿಕ್ ಶೀಟಲ್ಲಿ ಪ್ರಿಂಟ್ ಹಾಕಿಸ್ತಾಳಂತೆ" ಅಂದಳು. ಮೊದಲನೆಯ ಸುದ್ದಿಗೆ ಕುಣಿದೆ, ಎರಡನೆಯದಕ್ಕೆ ಕೂತೆ. ಇಪ್ಪತ್ತೆರಡು ವರ್ಷ ಊರಿಗೆಲ್ಲ ಬೋರ್ಡ್ ಬರೆದವನ ಹೆಂಡತಿಯ ಅಂಗಡಿಗೆ ಪ್ಲಾಸ್ಟಿಕ್ಕೇ? ನಿನ್ನ ಬೋರ್ಡನ್ನು ನಾನು ಬರೆಯಲೇ? ಇಷ್ಟು ಕೇಳುವುದಕ್ಕೇ ಈ ಕಾಗದ.

ಕೈ ನಡುಗುವುದಿಲ್ಲವೇ ಎಂದು ನೀನು ಕೇಳುತ್ತೀಯ. ಅದಕ್ಕೆ ಉತ್ತರ ಸ್ವಲ್ಪ ಉದ್ದ.

ಹತ್ತು ತಿಂಗಳ ಹಿಂದೆ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಗೋಡೆಗೆ ಒಂದು ದೊಡ್ಡ ಹಲ್ಲು ಬರೆಯಬೇಕಿತ್ತು. ಬೆಳಿಗ್ಗೆಯೇ ಒಂದು ಸುತ್ತು ಕುಡಿದು ಏಣಿ ಹತ್ತಿದ್ದೆ. ಬ್ರಷ್ಷು ಒಂದು ಕಡೆ, ಕೈ ಒಂದು ಕಡೆ. ಡಾಕ್ಟರು ಹೊರಗೆ ಬಂದು ತಲೆಯೆತ್ತಿ ನೋಡಿ, "ಏನ್ರೀ ಇದು, ಆಲೂಗಡ್ಡೆ! ನಾನೇನು ತರಕಾರಿ ಮಾರ್ತೀನಾ?" ಅಂದರು. ನಕ್ಕುಬಿಟ್ಟೆ. ನಗು ಎಲ್ಲಿ ಅಳುವಾಯಿತೋ ಗೊತ್ತಾಗಲಿಲ್ಲ. ಏಣಿಯ ಮೇಲೆಯೇ ಕೂತು, "ನನ್ನ ಕೈಲಿ ಆಗ್ತಿಲ್ಲ ಡಾಕ್ಟ್ರೇ" ಅಂದೆ. ಮದುವೆಯಾದ ಹದಿನೆಂಟು ವರ್ಷದಲ್ಲಿ ಈ ಮಾತನ್ನು ನನ್ನ ಬಾಯಲ್ಲಿ ನೀನು ಒಮ್ಮೆಯೂ ಕೇಳಿಲ್ಲ. ಅವರು ಏಣಿ ಹಿಡಿದುಕೊಂಡು, "ಹಲ್ಲುನೋವು ಅಂತ ಬರೋರೆಲ್ಲ ಕೊನೆಗೆ ಬಾಯಿ ತೆರೀಲೇಬೇಕು. ನೀವು ತೆರೆದ್ರಿ, ಅರ್ಧ ಕೆಲಸ ಆಯ್ತು. ಇಳೀರಿ" ಅಂದರು. ತಮ್ಮ ಗಾಡಿಯಲ್ಲೇ ಕುಡಿತ ಬಿಡಿಸುವ ಆಸ್ಪತ್ರೆಗೆ ಬಿಟ್ಟರು. ಮೂರು ವಾರ ಅಲ್ಲಿದ್ದೆ. ಅದನ್ನು ವರ್ಣಿಸುವುದಿಲ್ಲ, ಪ್ರಾಸ ಕೂಡುವುದಿಲ್ಲ.

ಈಗ ಪ್ರತಿ ಗುರುವಾರ ಸಂಜೆ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ನಮ್ಮ ಗುಂಪು ಸೇರುತ್ತದೆ. ಒಂಬತ್ತು ಜನ, ಎಂಟು ಕುರ್ಚಿ. ತಡವಾಗಿ ಬಂದವನು ಪುಸ್ತಕದ ಕಟ್ಟಿನ ಮೇಲೆ. ಹಿರಿಯ ಒಬ್ಬ ಕ್ಷೌರಿಕ. ಹದಿಮೂರು ವರ್ಷದಿಂದ ಮುಟ್ಟಿಲ್ಲ. "ಅಣ್ಣಾ, ಇನ್ನು ಜನ್ಮದಲ್ಲಿ ಕುಡಿಯಲ್ಲ" ಎಂದು ನಾನು ಎದೆ ತಟ್ಟಿಕೊಂಡರೆ, "ಜನ್ಮದ ಸುದ್ದಿ ಯಾಕಪ್ಪಾ, ಇವತ್ತು ರಾತ್ರಿ ಊಟದವರೆಗೆ ತಡ್ಕೋ" ಅಂದ. ಅವನ ಕೈಯೂ ಹಿಂದೆ ನಡುಗುತ್ತಿತ್ತಂತೆ. ಕತ್ತಿ ಹಿಡಿದವನ ಕೈ! ಅವನ ಗಿರಾಕಿಗಳಿಗಿಂತ ಧೈರ್ಯವಂತರನ್ನು ನಾನು ಕಂಡಿಲ್ಲ.

ಬ್ರಷ್ಷು ಹಿಡಿದ ಕೈಯನ್ನು ಊರಿಕೊಳ್ಳಲು ಬೋರ್ಡ್ ಬರೆಯುವವರು ಒಂದು ಕೋಲು ಇಟ್ಟುಕೊಳ್ಳುತ್ತಾರಲ್ಲ, ನೆನಪಿದೆಯೇ? ನನ್ನ ಗುರುಗಳು ಕೊಟ್ಟಾಗ, "ಕೋಲು ಮುದುಕರಿಗೆ, ಸೋಲು ಹೆದರುಪುಕ್ಕರಿಗೆ" ಎಂದು ಪ್ರಾಸ ಕಟ್ಟಿ ನಿನ್ನೆದುರೇ ಮೂಲೆಗೆ ಎಸೆದಿದ್ದೆ. ಅದನ್ನು ಹುಡುಕಿ ತೆಗೆದೆ. ಗೋಡೆಯ ಹಸಿ ಬಣ್ಣ ಕೆಡದಂತೆ ಅದರ ತುದಿಗೆ ಬಟ್ಟೆಯ ಉಂಡೆ ಕಟ್ಟಬೇಕು. ನೀನು ಬಿಟ್ಟುಹೋದ ಚಿಂದಿ ಚೀಲದಲ್ಲಿ ಪುಟ್ಟಿಯ ಕೆಂಪು ಫ್ರಾಕಿನ ತುಂಡು ಸಿಕ್ಕಿತು. ಈಗ ಅದರ ಮೇಲೆ ಕೈ ಊರಿದರೆ ಗೆರೆ ಹೇಗೆ ಹೋಗುತ್ತದೆ ಗೊತ್ತೇ? ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ. ಇಷ್ಟು ಸುಖ ಇದ್ದದ್ದು ಗೊತ್ತಿದ್ದರೆ ಇಪ್ಪತ್ತು ವರ್ಷ ಮೊದಲೇ ಸೋಲುತ್ತಿದ್ದೆ.

ಆಸ್ಪತ್ರೆಯಿಂದ ಬಂದವನೇ ಮೊದಲು ಡಾಕ್ಟರ ಗೋಡೆಗೆ ಹೋದೆ. ಆತುರ ನೋಡು, ಹಳೆಯದನ್ನು ಕೆರೆಯದೆ ಮೇಲೆ ಬಿಳಿ ಬಳಿದು ಹೊಸ ಹಲ್ಲು ಬರೆದೆ. ಚೆನ್ನಾಗಿಯೇ ಬಂತು. ನಾಲ್ಕು ಮಳೆ ಬಿದ್ದ ಮೇಲೆ ಡಾಕ್ಟರ ಫೋನು: "ಪೇಂಟ್ರೇ, ನಿಮ್ಮ ಆಲೂಗಡ್ಡೆ ಮೊಳಕೆ ಒಡೆದಿದೆ, ಬಂದು ನೋಡಿ." ನಿಜ! ಹಲ್ಲಿನ ಪಕ್ಕದಿಂದ ಹಳೆಯ ಆಲೂಗಡ್ಡೆ ಇಣುಕುತ್ತಿತ್ತು. ಕಾಯುತ್ತ ಕೂತ ರೋಗಿಗಳು ಹಲ್ಲುನೋವು ಮರೆತು ನಗುತ್ತಿದ್ದರು. ಎರಡು ದಿನ ಕೂತು ಗಾರೆ ಕಾಣುವವರೆಗೆ ಕೆರೆದು, ಮತ್ತೆ ಬರೆದೆ. ಈಗ ಅದು ಊರಿನ ಅತಿ ಸುಂದರ ಹಲ್ಲು. ನನ್ನ ಬಾಯಲ್ಲಿರುವುದಕ್ಕಿಂತ ವಾಸಿ.

ನಿನ್ನ ಬೋರ್ಡ್ ಕೊಟ್ಟರೆ ಕುಣಿಯುತ್ತೇನೆ. ಕೊಡದಿದ್ದರೂ ಗುರುವಾರ ತಪ್ಪಿಸುವುದಿಲ್ಲ. ಬಿಟ್ಟದ್ದು ನಿನ್ನನ್ನು ಒಲಿಸಲು ಎಂದುಕೊಳ್ಳಬೇಡ. ಒಲಿದರೆ ಬೇಡ ಎನ್ನುವಷ್ಟು ದೊಡ್ಡವನೂ ಅಲ್ಲ.

ಕೋಲೂರಿ ನಿಂತಿರುವ,
ನಿನ್ನ ಪೇಂಟರು

ತಾ.ಕ.: ಕಾಗದ ಮಡಿಸಿ ಅಂಟು ಹಚ್ಚುವಾಗ ಕೈ ನಿಂತಿತು. ಮೇಲೆ ಬರೆದ ಹತ್ತು ತಿಂಗಳು ಬಿಳಿ ಬಳಿದ ಆಲೂಗಡ್ಡೆ. ಪುಟ್ಟಿಯ ಹುಟ್ಟಿದ ದಿನ, ಅವಳೊಡನೆ ಮಾತಾಡುವ ಧೈರ್ಯಕ್ಕೆಂದು ಒಂದು ಗ್ಲಾಸು ಕುಡಿದೆ. ಆ ಒಂದು ಗ್ಲಾಸು ಮೂರು ದಿನದ ಕುಡಿತವಾಯಿತು. ಅವತ್ತು ಫೋನ್ ಮಾಡಲೇ ಇಲ್ಲ, ಆಮೇಲೆ ಅವಳಿಗೆ ಲೈನ್ ಸಿಗಲಿಲ್ಲ ಎಂದದ್ದು ಸುಳ್ಳು. ನಾಲ್ಕನೆಯ ದಿನ ಗುಂಪಿನೆದುರು ಹೇಳಿ ಮತ್ತೆ ಒಂದರಿಂದ ಶುರು ಮಾಡಿದೆ. ಇವತ್ತಿಗೆ ಐದು ತಿಂಗಳು ಇಪ್ಪತ್ತು ದಿನ. ಹೊಸ ಹಾಳೆಯಲ್ಲಿ ಬರೆದುಬಿಡಬಹುದಿತ್ತು. ನಿನ್ನ ಕಣ್ಣೆದುರೇ ಕೆರೆಯೋಣ ಎನಿಸಿತು. ಈಗ ಹೇಳು, ಬೋರ್ಡಿನ ಅಳತೆ ಎಷ್ಟು?