ಇಸ್ತ್ರಿ ಹಾಕಿದ ಕೋಟು

ಡೈರೆಕ್ಟರ್ ಸಾಹೇಬರಿಗೆ,

ನೀವು ಪಾಸ್ ಕಳಿಸಿದ್ದಕ್ಕೆ ನಿನ್ನೆ ನಿಮ್ಮ ಸಿನಿಮಾ ನೋಡಿದೆ. “ಸ್ಪಾಗೆಟಿ ವೆಸ್ಟರ್ನ್‌ಗೆ, ಅದೇ ಆ ಹಳೇ ಕೌಬಾಯ್ ಸಿನಿಮಾಗಳಿಗೆ, ಮತ್ತೆ ಜೀವ ಕೊಡ್ತೀನಿ, ಅಮ್ಮ. ಯಜಮಾನ್ರ ಹಳೇ ಕೋಟು, ಟೋಪಿ ಕೊಟ್ರೆ ಸಾಕು,” ಅಂದಿದ್ದಿರಿ. ಕೊಟ್ಟೆ.

ಜೀವದ ಮಾತು ಹಾಗಿರಲಿ, ನಿಮ್ಮ ಮರಳುಗಾಡಿನಲ್ಲಿ ಒಂದು ನೊಣವೂ ಇಲ್ಲ. ವಾರಗಟ್ಟಲೆ ಕುದುರೆ ಓಡಿಸಿದ ಹೀರೋ ಈಗಷ್ಟೇ ಕ್ಷೌರದಂಗಡಿಯಿಂದ ಎದ್ದು ಬಂದಂತಿದ್ದಾನೆ. ಗುಂಡು ಹಾರಿಸುವ ಮುಂಚೆ ಹೀರೋ, ವಿಲನ್ ಇಬ್ಬರೂ ಬಾಯಿ ಮುಚ್ಚಿಕೊಂಡು ಒಬ್ಬರನ್ನೊಬ್ಬರು ನೋಡಬೇಕು. ನಿಮ್ಮವರು ಮದುವೆ ಮಾತುಕತೆಗೆ ಕೂತ ಬೀಗರ ಹಾಗೆ ಮಾತು ನಿಲ್ಲಿಸುವುದೇ ಇಲ್ಲ. ಜೀವ ಕೊಡುತ್ತೇನೆಂದು ಹೋಗಿ ಹೆಣಕ್ಕೆ ಪೌಡರ್ ಬಳಿದಿದ್ದೀರಿ.

ಇನ್ನು ಕೋಟು. ಅದನ್ನು ಡ್ರೈಕ್ಲೀನ್ ಮಾಡಿಸಿ, ಇಸ್ತ್ರಿ ಹಾಕಿಸಿ, ಆಮೇಲೆ ಕಂದು ಬಣ್ಣ ಸಿಂಪಡಿಸಿ ಧೂಳು ಅಂತ ತೋರಿಸಿದಿರಂತೆ. ನಿಮ್ಮ ವಸ್ತ್ರವಿನ್ಯಾಸದವಳು ಹೆಮ್ಮೆಯಿಂದಲೇ ಹೇಳಿದಳು. ಪ್ರತಿ ಚಿತ್ರದಲ್ಲೂ ವಿಲನ್ ಆಗಿ ಸಾಯುತ್ತಿದ್ದ ನನ್ನ ಯಜಮಾನರು ಆ ಕೋಟಿಗೆ ಒಮ್ಮೆಯೂ ನೀರು ಸೋಕಿಸಿದವರಲ್ಲ. ಕುದುರೆ ನಾತಕ್ಕೆ ನಾನು ಅದನ್ನು ಮನೆಯೊಳಗೆ ಬಿಟ್ಟುಕೊಳ್ಳುತ್ತಿರಲಿಲ್ಲ. ಅವರು ನಿಜವಾಗಿ ಹೋದ ಮೇಲೆ ನಾನೇ ಒಳಗೆ ತಂದು ಮಲಗುವ ಕೋಣೆಯ ಬಾಗಿಲ ಹಿಂದೆ ನೇತುಹಾಕಿದ್ದೆ.

ಕೋಟನ್ನು ವಾಪಸ್ ಕಳಿಸಬೇಡಿ. ಲಾಂಡ್ರಿ ವಾಸನೆಯ ಕೋಟು ನಿಮ್ಮದೇ.

ಟೋಪಿಯನ್ನು ಇನ್ನೂ ಒಗೆಸಿಲ್ಲದಿದ್ದರೆ ದಯವಿಟ್ಟು ಇವತ್ತೇ ಕಳಿಸಿಕೊಡಿ. ತರುವವರು ದಾರಿಯಲ್ಲಿ ತಲೆಗೆ ಹಾಕಿಕೊಳ್ಳುವುದು ಬೇಡ.

ಇಂತಿ,
ಆ ಕೋಟಿನವರ ಹೆಂಡತಿ