ಉಪ್ಪಿನ ಬೀದಿಯ ಹದಿನಾಲ್ಕನೇ ಮನೆ

ಉಪ್ಪಿನ ಬೀದಿ, ಮನೆ ನಂಬರು 14
ಮಕೋ
ಗುರುವಾರ, ಜೂನ್ 20, 1996

ಸೆಗೆದ್‌ನ ಸರ್ಕಾರಿ ವಕೀಲರಾದ ಶ್ರೀ ಆರ್ಮಿನ್ ಬಾರ್ದೋಶ್ ಅವರಿಗೆ,

ಮೂವತ್ನಾಲ್ಕು ವರ್ಷ ಯಾವ ಚೀಟಿ ಬರೆದರೂ ‘ನನ್ನ ಆರ್ಮಿನ್’ ಎಂದೇ ಶುರು ಮಾಡಿದವಳು ನಾನು. ಇವತ್ತು ಕೈ ಬರುತ್ತಿಲ್ಲ. ಸಿಟ್ಟು ಇಳಿದ ಮೇಲೆ ಬರೆಯೋಣವೆಂದು ನಾಲ್ಕು ದಿನ ಕಾದೆ. ಅದು ಇಳಿಯುವ ಹಾಗೆ ಕಾಣುವುದಿಲ್ಲ.

ಅಕ್ಕನ ಮನೆಗೆ ಹೋಗುತ್ತೇನೆಂದು ಹೇಳಿ ಬಂದದ್ದು ಸುಳ್ಳು. ಅಮ್ಮ ಸತ್ತ ಮೇಲೆ ಬೀಗ ಹಾಕಿಟ್ಟಿದ್ದ ನನ್ನ ತವರುಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ಯಾವ ಮನೆ ಎಂದು ನಿಮಗೆ ಹೇಳಬೇಕಾಗಿಲ್ಲ. ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಭಾನುವಾರ ನೀವು ಪ್ರಾರ್ಥನಾಮಂದಿರದ ಅಂಗಳದಲ್ಲಿ ನಿಂತು, ನಲವತ್ನಾಲ್ಕರ ಜೂನ್‌ನಲ್ಲಿ ಈ ಊರಿನಿಂದ ರೈಲು ಹತ್ತಿಸಿದ ಯೆಹೂದಿಗಳ ಮನೆಗಳನ್ನು ಒಂದೊಂದಾಗಿ ಓದಿದಿರಿ. ಬೀದಿ, ನಂಬರು, ಮನೆತನದ ಹೆಸರು. ನಿಮ್ಮ ಧ್ವನಿ ಒಮ್ಮೆಯೂ ನಡುಗಲಿಲ್ಲ. ಉಪ್ಪಿನ ಬೀದಿಗೆ ಬಂದಾಗ ಹನ್ನೆರಡು ಓದಿದಿರಿ, ಆಮೇಲೆ ಹದಿನಾರು ಓದಿದಿರಿ. ನಾನು ಮೂರನೇ ಸಾಲಿನಲ್ಲಿ ಕೂತು ನನ್ನ ಚಪ್ಪಲಿ ನೋಡಿಕೊಳ್ಳುತ್ತಿದ್ದೆ.

ಆಗ ಹೈಫಾದಿಂದ ಬಂದಿದ್ದ ಆ ಹೆಂಗಸು ಎದ್ದು ನಿಂತಳು. ಹೆರ್ಮಿನಾ ಲುಸ್ತಿಗ್, ಈರುಳ್ಳಿ ವ್ಯಾಪಾರಿ ಲುಸ್ತಿಗ್‌ನ ಮಗಳು. ಆ ಮನೆಯವರಲ್ಲಿ ವಾಪಸು ಬಂದವಳು ಅವಳೊಬ್ಬಳೇ.

“ಹದಿನಾಲ್ಕು ಓದಲಿಲ್ಲವಲ್ಲ ಸ್ವಾಮಿ, ಅದು ನಮ್ಮನೆ,” ಅಂದಳು.

ನೀವು ಕನ್ನಡಕ ತೆಗೆದು ಒರೆಸಿದಿರಿ. ಆಮೇಲೆ ಹೇಳಿದ ಮಾತು ನನ್ನ ಕಿವಿಯಿಂದ ಇನ್ನೂ ಹೋಗಿಲ್ಲ.

“ಆ ಮನೆಗೆ ಸಾಕ್ಷ್ಯ ಸಿಕ್ಕಿಲ್ಲಮ್ಮ. ಆಗ ನೀವು ಚಿಕ್ಕವರು. ಬೀದಿ ಮರೆತಿರಬಹುದು.”

ನಿಮ್ಮ ನಾಲಿಗೆಗೆ ಏನಾಗಿತ್ತು? ಎಪ್ಪತ್ತೊಂದರಲ್ಲಿ, ಜನರನ್ನು ರೈಲಿಗೆ ತುಂಬಿದ ಆ ಪೇದೆಯ ಕೇಸು ನಡೆಸಿದಾಗ, ಎದುರು ವಕೀಲ ಸಾಕ್ಷಿ ಹೆಂಗಸಿಗೆ ಇದೇ ಮಾತು ಹೇಳಿದ್ದ. ಆಗ ನೀವು ಚಿಕ್ಕವರು, ಮರೆತಿರಬಹುದು. ಅವತ್ತು ನೀವು ಮನೆಗೆ ಬಂದು ಎರಡು ದಿನ ಅನ್ನ ನೀರು ಮುಟ್ಟಲಿಲ್ಲ. ಇವನೂ ಮನುಷ್ಯನಾ ಎಂದು ಗೋಡೆಗೆ ಹೇಳುತ್ತಾ ಓಡಾಡಿದಿರಿ. ಈಗ ನಾನು ಯಾವ ಗೋಡೆಗೆ ಹೇಳಲಿ?

ಸಭೆ ಮುಗಿದಾಗ ಪಕ್ಕದಲ್ಲಿದ್ದ ರೊಜಾಲ್ ನನ್ನ ಕೈ ಅದುಮಿ, ಗಂಡ ಅಂದರೆ ಹೀಗಿರಬೇಕು, ನಿನ್ನ ಮಾನ ಉಳಿಸಿದ ಕಣೇ ಅಂದಳು. ನನ್ನ ಮೈಯೆಲ್ಲ ಉರಿದುಹೋಯಿತು. ನಮ್ಮಪ್ಪ ಪುರಸಭೆಯ ಗುಮಾಸ್ತೆ, ಆ ಬೇಸಿಗೆಯಲ್ಲೇ ಈ ಮನೆಯ ಬೀಗದ ಕೈ ತಂದ ಎನ್ನುವುದು ಇಡೀ ಬೀದಿಗೆ ಗೊತ್ತು. ಅಂದಮೇಲೆ ನೀವು ಯಾರ ಕಣ್ಣಿಗೆ ಮಣ್ಣೆರಚಿದಿರಿ? ಅರವತ್ತೊಂದು ವರ್ಷದ ಆ ಹೆಂಗಸಿನ ಕಣ್ಣಿಗೆ ಮಾತ್ರ.

ನಿಮ್ಮ ಕೆಲಸದ ಬಗ್ಗೆ ನಾನು ಎಂದಾದರೂ ಗೊಣಗಿದ್ದೇನೆಯೇ? ಯೆಹೂದಿಗಳ ಗೋರಿಕಲ್ಲು ಉರುಳಿಸಿದ ಹುಡುಗರನ್ನು ಬಿಟ್ಟುಬಿಡಿ, ಗಾಳಿಗೆ ಬಿದ್ದಿತೆಂದು ಬರೆಯಿರಿ ಎಂದು ಮೇಲಿನವರು ಅಂದಾಗ ನೀವು ಕೇಳಲಿಲ್ಲ. ನಿಮಗೆ ಆರು ವರ್ಷ ಬಡ್ತಿ ತಪ್ಪಿತು. ನಾನು ಒಂದೇ ಕೋಟಿನಲ್ಲಿ ಆರು ಚಳಿಗಾಲ ಕಳೆದೆ, ಹೆಮ್ಮೆಯಿಂದಲೇ. ಪ್ರಾರ್ಥನಾಮಂದಿರವನ್ನು ಈರುಳ್ಳಿ ಗೋದಾಮು ಮಾಡಲು ಹೊರಟಾಗ ನೀವು ಬಾಗಿಲಲ್ಲೇ ನಿಂತು ತಡೆದಿರಿ. ನನ್ನ ನಲವತ್ತನೇ ಹುಟ್ಟುಹಬ್ಬಕ್ಕೆ ಮೀನು ಸಾರು ಬಡಿಸುವ ಹೊತ್ತಿಗೆ ಫೋನು ಬಂತು. ನಿಮ್ಮವರ ಪ್ರಾರ್ಥನೆಗೆ ಹತ್ತು ಗಂಡಸರಾದರೂ ಬೇಕು, ಒಂಬತ್ತೇ ಇದ್ದಾರೆ ಎಂದು. ನೀವು ಹೊರಟಿರಿ. ಅಮ್ಮನನ್ನೂ ತಂಗಿಯನ್ನೂ ಅದೇ ಜೂನ್‌ನಲ್ಲಿ ಕಳೆದುಕೊಂಡವರು, ಹೋಗಲಿ ಎಂದೆ. ಸಾರು ಆರಿತು, ಇನ್ನೊಮ್ಮೆ ಬಿಸಿ ಮಾಡಿದೆ.

ಅದನ್ನೆಲ್ಲ ಸಹಿಸಿದ್ದು, ನೀವು ಯಾರ ಮುಲಾಜಿಗೂ ಬೀಳುವವರಲ್ಲ ಎಂದು ನಂಬಿದ್ದರಿಂದ.

ಸೋಮವಾರ ನೀವು ಕಚೇರಿಗೆ ಹೋದ ಮೇಲೆ ನಿಮ್ಮ ಟ್ರಂಕು ತೆಗೆದೆ. ಯಾವ ಮನೆಗೆ ಹೋದರೂ ಬಾಗಿಲವಾಡದ ಬಲಗಡೆ ಕೈ ಆಡಿಸುವ ನಿಮ್ಮ ಚಾಳಿ ನನಗೆ ಹೊಸದಲ್ಲ. ನಿಮ್ಮವರು ಪ್ರಾರ್ಥನೆಯ ಚೀಟಿಯಿಟ್ಟ ಪುಟ್ಟ ಕೊಳವೆಯನ್ನು ಓರೆಯಾಗಿ ಮೊಳೆ ಹೊಡೆದು ಕೂರಿಸುವ ಜಾಗ ಅದು. ಕೊಳವೆ ಕಿತ್ತು ಎಸೆದರೂ ಕಚ್ಚು ಉಳಿಯುತ್ತದೆ, ಬಣ್ಣ ಬಳಿದರೂ ಬೆರಳಿಗೆ ಸಿಗುತ್ತದೆ ಎಂದು ನೀವೇ ಕಲಿಸಿದ್ದು. ಹಾಗೆ ಕಂಡುಹಿಡಿದ ಮನೆಗಳೆಲ್ಲ ಆ ಟ್ರಂಕಿನ ಪುಸ್ತಕಗಳಲ್ಲಿವೆ. ಅರವತ್ತೆರಡರ ಪುಸ್ತಕದಲ್ಲಿ, ನೀವು ಮದುವೆಗೆ ನನ್ನನ್ನು ಕೇಳಲು ಬಂದ ದಿನದ ತಾರೀಖಿನ ಕೆಳಗೆ ಬರೆದಿದ್ದೀರಿ: ‘ಉಪ್ಪಿನ ಬೀದಿ 14. ಬಲಗಡೆ ಓರೆ ಕಚ್ಚು. ಪುಟ್ಟಿ ಮೆತ್ತಿ ಮುಚ್ಚಿದ್ದಾರೆ, ಇನ್ನೂ ಹಸಿ ಇದೆ.’

ಅಂದರೆ ಮೊದಲ ದಿನವೇ ಗೊತ್ತಿತ್ತು. ಪುಟ್ಟಿ ಮೆತ್ತಿದ್ದು ಅಮ್ಮ. ಅಮ್ಮನ ವಿಷಯ ಕೆದಕುವುದು ಬೇಡವೆಂದು ನಾನು ಬಾಯಿ ಬಿಡಲಿಲ್ಲ. ಆದರೆ ನೀವು? ಬಾಗಿಲು ಮುಟ್ಟಿ, ಒಳಗೆ ಬಂದು, ಅಮ್ಮ ಕೊಟ್ಟ ಗಸಗಸೆ ರೊಟ್ಟಿ ಎರಡು ಸಲ ಹಾಕಿಸಿಕೊಂಡು ತಿಂದಿರಿ. ಬೇರೆಯವರ ಮನೆಯಾದರೆ ಸಾಕ್ಷ್ಯ, ಹೆಂಡತಿಯ ಮನೆಯಾದರೆ ಪುಟ್ಟಿ, ಅಲ್ಲವೇ? ನನ್ನನ್ನು ಒಂದು ಮಾತೂ ಕೇಳದೆ ಕ್ಷಮಿಸಿಬಿಟ್ಟಿರಿ. ಮೂವತ್ನಾಲ್ಕು ವರ್ಷ ನಾನು ನಿಮ್ಮ ಹೆಂಡತಿ ಎಂದುಕೊಂಡಿದ್ದೆ. ನೀವು ಜಾಮೀನಿನ ಮೇಲೆ ಬಿಟ್ಟ ಆರೋಪಿ ಎಂದು ಈಗ ತಿಳಿಯಿತು.

ನಿನ್ನೆ ಹೆರ್ಮಿನಾ ತಂಗಿದ್ದ ಹೋಟೆಲಿಗೆ ಹೋಗಿ ಕರೆತಂದೆ. ಅವಳು ಬರುವ ಮೊದಲೇ ಈರುಳ್ಳಿ ಹೆಚ್ಚುವ ಚಾಕುವಿನಿಂದ ಪುಟ್ಟಿ ಕೆರೆದಿದ್ದೆ. ಕಲ್ಲಾಗಿತ್ತು, ಒಂದು ಗಂಟೆ ಹಿಡಿಯಿತು. ಅವಳು ಕಚ್ಚಿನಲ್ಲಿ ಎರಡು ಬೆರಳಿಟ್ಟು, ಆ ಬೆರಳುಗಳಿಗೆ ಮುತ್ತು ಕೊಟ್ಟಳು. ಚಿಕ್ಕಂದಿನಲ್ಲಿ ಎಟುಕುತ್ತಿರಲಿಲ್ಲ, ಅಪ್ಪ ಎತ್ತಿಕೊಳ್ಳುತ್ತಿದ್ದ ಅಂದಳು. ಯಾರು ಮುಚ್ಚಿದ್ದು ಎಂದು ಕೇಳಿದಳು. ನಮ್ಮಮ್ಮ ಅಂದೆ.

ಬೀಗದ ಕೈ ಅವಳ ಮುಂದಿಟ್ಟೆ. ವಾಪಸು ತಳ್ಳಿದಳು.

“ಈ ಮನೆ ಇಟ್ಕೊಂಡು ನಾನೇನು ಮಾಡ್ಲಿ? ಅವತ್ತು ಎಲ್ಲರ ಎದುರಿಗೆ ನನ್ನನ್ನ ಮರೆಗುಳಿ ಮಾಡಿದ್ರಲ್ಲ, ಅವರೇ ಅದೇ ಜಾಗದಲ್ಲಿ ನಿಂತು ನಮ್ಮಪ್ಪನ ಹೆಸರು ಓದಲಿ. ಅಷ್ಟು ಸಾಕು.”

ಅವಳು ಭಾನುವಾರ ಮಧ್ಯಾಹ್ನದ ರೈಲಿಗೆ ಹೊರಡುತ್ತಾಳೆ. ಬೆಳಿಗ್ಗೆ ಹತ್ತಕ್ಕೆ ಪ್ರಾರ್ಥನೆಗೆ ಜನ ಸೇರುತ್ತಾರೆ. ನೀವು ಬನ್ನಿ. ಉಪ್ಪಿನ ಬೀದಿ, ಹದಿನಾಲ್ಕು, ಲುಸ್ತಿಗ್ ಎಂದು ಓದಿ. ಸಾಕ್ಷ್ಯ ಮೊದಲಿನಿಂದಲೂ ನಿಮ್ಮ ಬಳಿಯೇ ಇತ್ತು ಎಂದೂ ಹೇಳಿ. ಬರದಿದ್ದರೆ ನಿಮ್ಮ ಪುಸ್ತಕ ಹಿಡಿದು ನಾನೇ ನಿಂತು ಓದುತ್ತೇನೆ. ಆಮೇಲೆ ಸೆಗೆದ್‌ಗೆ ವಾಪಸು ಬರುವುದಿಲ್ಲ. ಇದು ಬೆದರಿಕೆ ಎಂದು ಬೇಕಾದರೆ ಕೇಸು ಹಾಕಿ.

ರಕ್ತದೊತ್ತಡದ ಮಾತ್ರೆ ಅಡುಗೆಮನೆಯ ಎಡಗಡೆ ಡಬ್ಬಿಯಲ್ಲಿದೆ. ತಿನ್ನುವುದನ್ನು ಮರೆಯಬೇಡಿ.

ಈಗಲೂ ನಿಮ್ಮ ಹೆಸರನ್ನೇ ಇಟ್ಟುಕೊಂಡಿರುವ
ಎತೆಲ್ಕಾ

ತಾ.ಕ.: ಪುಟ್ಟಿ ಮೆತ್ತಿದ್ದು ಅಮ್ಮ ಅಲ್ಲ. ಇದ್ದದ್ದು ಇರಲಿ ಬಿಡೇ, ನೋಡಿದರೆ ನೋಡಲಿ ಎಂದೇ ಅಮ್ಮ ಅಂದಿದ್ದಳು. ಅದನ್ನು ನೋಡಿದರೆ ನೀವು ಹೊಸಿಲಿಂದಲೇ ತಿರುಗಿ ಹೋಗುತ್ತೀರೆಂದು ಹೆದರಿ, ನೀವು ಬರುವ ದಿನ ಬೆಳಿಗ್ಗೆ ನಾನೇ ಮೆತ್ತಿದೆ. ಹೆರ್ಮಿನಾಗೆ ನಿನ್ನೆ ಹೇಳಿದ್ದೂ ಸುಳ್ಳು. ನಿಮ್ಮ ಪುಸ್ತಕದ ಸಾಲನ್ನೂ ಮೇಲೆ ಪೂರ್ತಿ ಬರೆಯಲಿಲ್ಲ. ಕೊನೆಗೆ ಹೀಗಿದೆ: ‘ಎತೆಲ್ಕಾಳ ಹೆಬ್ಬೆರಳಿನ ಉಗುರಲ್ಲೂ ಬಿಳಿ.’ ಅದನ್ನು ಕಂಡೂ ಅದೇ ಕೈಗೆ ಉಂಗುರ ತೊಡಿಸಿದಿರಿ. ಭಾನುವಾರ ನೀವು ಓದಿದ ಮೇಲೆ, ಕಚ್ಚು ಮುಚ್ಚಿದ್ದು ಯಾರು ಎಂದು ನಿಮ್ಮನ್ನು ಕೇಳಲು ಅವಳಿಗೆ ಹೇಳುತ್ತೇನೆ. ಹೆಸರು ಹೇಳಿ. ನಾನು ಮೂರನೇ ಸಾಲಿನಲ್ಲೇ ಕೂತಿರುತ್ತೇನೆ.